ಎಂಟೂ ಲೈಟ್ ಹೊತ್ತಿದರೂ ನೆಟ್ ಯಾಕೆ ಓಡುತ್ತಿಲ್ಲ? ಲ್ಯಾನ್ ಕೇಬಲ್ ಮನೆಯಲ್ಲೇ ಕ್ರಿಂಪ್ ಮಾಡುವವರಿಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕೇಳುಗರು ಕಳಿಸುವ ಪ್ರಶ್ನೆಗಳಲ್ಲಿ ಒಂದು ಮಾತ್ರ ತಿರುಗಿ ತಿರುಗಿ ಬರುತ್ತಿದೆ. "ಮನಿಗೆ ಫೈಬರ್ ಬಂದೈತ್ರಿ, 200 ಎಂಬಿಪಿಎಸ್ ಪ್ಲ್ಯಾನ್ ಐತಿ, ಆದ್ರ ಮ್ಯಾಲಿನ ಖೋಲಿಗೆ ವೈಫೈ ಬರೂದಿಲ್ಲ. ವೈರ್ ಎಳದ್ರ ನಡಿತೈತೇನು? ಅದನ್ನ ನಾವ ಮಾಡಬಹುದೇನು?"

ನಡೆಯುತ್ತದೆ. ನೀವೇ ಮಾಡಬಹುದು. ನಮ್ಮ ಕಡೆಯ ಹಳೇ ಮನೆಗಳಿಗೆ ಅದೇ ಸರಿ ಅಂತಲೂ ಹೇಳ್ತೀನಿ. ಕಲ್ಲು-ಮಣ್ಣಿನ ಗೋಡೆ, ಕೆಲವು ಕಡೆ ಒಂದೂವರೆ ಮೊಳ ದಪ್ಪ. ಬೇಸಿಗೆಯಲ್ಲಿ ಒಳಗೆ ತಂಪಾಗಿಡುವ ಅದೇ ಗೋಡೆ ವೈಫೈಯನ್ನೂ ಆಚೆ ಬಿಡುವುದಿಲ್ಲ. ಪಡಸಾಲೆಯಲ್ಲಿ ರೌಟರ್ ಇಟ್ಟರೆ ಅಡುಗೆಮನೆ ದಾಟುವಷ್ಟರಲ್ಲಿ ಸಿಗ್ನಲ್ ಸುಸ್ತು.

ಆದರೆ ಮೊದಲೇ ಒಂದು ಮಾತು. ರೌಟರ್ ಪಕ್ಕದಲ್ಲೇ ಕಂಪ್ಯೂಟರ್ ಇದ್ದು, ಒಂದೆರಡು ಮೀಟರ್ ಕೇಬಲ್ ಸಾಕು ಅನ್ನುವುದಾದರೆ ಅಂಗಡಿಯಲ್ಲಿ ಸಿಗುವ ರೆಡಿ ಕೇಬಲ್ ತಗೊಳ್ಳಿ. ಅದಕ್ಕಾಗಿ ಕ್ರಿಂಪಿಂಗ್ ಟೂಲ್ ಕೊಳ್ಳಬೇಡಿ. ಗೋಡೆಯಲ್ಲಿ ಸಣ್ಣ ತೂತು ಹೊಡೆದು ವೈರ್ ದಾಟಿಸಬೇಕು, ಮಾಳಿಗೆಗೆ ಏರಿಸಬೇಕು, 20-30 ಮೀಟರ್ ಎಳೆಯಬೇಕು ಅಂದಾಗ ಮಾತ್ರ ಈ ಕೆಲಸ ಕೈಗೆ ತಗೊಳ್ಳಿ. ಕ್ಲಿಪ್ ಹಾಕಿದ ಕೇಬಲ್ ಸಣ್ಣ ತೂತಿನಲ್ಲಿ ಹೋಗುವುದಿಲ್ಲ, ಬರೀ ಕೇಬಲ್ ಹೋಗುತ್ತದೆ. ಮನೆಯಲ್ಲೇ ಕ್ರಿಂಪ್ ಮಾಡುವುದಕ್ಕೆ ನಿಜವಾದ ಕಾರಣ ಅಷ್ಟೇ.

ಈಗ ಹುಕ್ಕೇರಿ ತಾಲ್ಲೂಕಿಗೆ ಬರೋಣ. ಅಲ್ಲಿನ ಒಂದು ಹಳ್ಳಿಯ ಆನ್‌ಲೈನ್ ಸೆಂಟರಿಗೆ ಹೋಗಿದ್ದೆ. ಊರ ಹೆಸರು ಬೇಡ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಪಿಂಚಣಿ ಕೆಲಸ, ಬೆರಳಚ್ಚು ಕೊಡುವುದು ಎಲ್ಲಾ ಅಲ್ಲೇ. ಬೆಳಿಗ್ಗೆಯಿಂದ ಏಳೆಂಟು ಜನ ಕಟ್ಟೆ ಮೇಲೆ ಕೂತಿದ್ದರು. ಒಬ್ಬ ಅಜ್ಜಿ ಆಗಾಗ ಒಳಗೆ ಇಣುಕಿ ಕೇಳೋರು: "ತಮ್ಮಾ, ಸರ್ವರ್ ಬಂತೇನೋ?" ಆ ಹುಡುಗ, "ಆಯಿ, ಇನ್ನೊಂದ್ ಸ್ವಲ್ಪ ಕುಂದರ್ರಿ" ಅನ್ನೋನು. ಅವರೆಲ್ಲ ಒಂದು ದಿನದ ಕೂಲಿ ಬಿಟ್ಟು ಬಂದವರು. ಸರ್ವರ್ ಡೌನ್ ಅನ್ನುವುದು ನಮ್ಮಲ್ಲಿ ಈಗ ಮಳೆ-ಬೆಳೆ ಮಾತಿನಷ್ಟೇ ಮಾಮೂಲಿ. ಎಷ್ಟೋ ಸಲ ಅದು ನಿಜವೂ ಹೌದು. ಅವತ್ತು ಮಾತ್ರ ಸರ್ವರ್ ಸರಿಯಾಗೇ ಇತ್ತು. ಅದೇ ಪುಟ ನನ್ನ ಮೊಬೈಲಿನಲ್ಲಿ ತೆರೆಯುತ್ತಿತ್ತು.

ಫೈಬರ್ ಬಾಕ್ಸ್ ಅದೇ ಕಟ್ಟಡದ ಮೇಲಿನ ಮಹಡಿಯ ಹಿಂದಿನ ಖೋಲಿಯಲ್ಲಿ. ಸೆಂಟರ್ ಕೆಳಗೆ ಮುಂದಿನ ಅಂಗಡಿಯಲ್ಲಿ. ನಡುವೆ ಗೋಡೆ, ಮೆಟ್ಟಿಲು ಸುತ್ತಿಕೊಂಡು ಬರುವ ಸುಮಾರು 40 ಮೀಟರ್ ಲ್ಯಾನ್ ಕೇಬಲ್. ಆ ಹುಡುಗ ಹೇಳಿದ್ದು: "ಸರ್, ನೆಟ್ ಸ್ಲೋ ಅಂತ ಎರಡ ಸಲ ಪ್ಲ್ಯಾನ್ ದೊಡ್ಡದ ಮಾಡ್ಸೀನ್ರಿ. ಕೇಬಲ್ ಚೆಕ್ ಮಾಡ್ಸೀನಿ. ಟೆಸ್ಟರ್‌ನ್ಯಾಗ ಎಂಟೂ ಲೈಟ್ ಹತ್ತತಾವು." ತಾನೇ ಹಚ್ಚಿ ತೋರಿಸಿದ. ಒಂದು, ಎರಡು, ಮೂರು ಅಂತ ಎಂಟೂ ಹಸಿರು ದೀಪ ಸಾಲಾಗಿ ಹೊತ್ತಿದವು.

ಹಾಗಾದರೆ ತಪ್ಪೆಲ್ಲಿ? ಕ್ಲಿಪ್ಪಿನ ಪಾರದರ್ಶಕ ಪ್ಲಾಸ್ಟಿಕ್‌ನೊಳಗೆ ಬಣ್ಣ ನೋಡಿದೆ. ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ, ಬಿಳಿ-ಕಂದು, ಕಂದು. ನೋಡಲು ಅಚ್ಚುಕಟ್ಟು. ಎರಡೂ ತುದಿಯಲ್ಲಿ ಅದೇ ಸಾಲು. ಅದೇ ತೊಂದರೆ.

ಇದನ್ನು ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಈ ಸಂಚಿಕೆಯ ಜೀವ ಇಲ್ಲಿದೆ. ಲ್ಯಾನ್ ಕೇಬಲ್ ಸುಲಿದರೆ ಎಂಟು ತಂತಿ ಕಾಣುತ್ತವೆ. ಆದರೆ ಅವು ಎಂಟು ಬಿಡಿ ತಂತಿಗಳಲ್ಲ, ನಾಲ್ಕು ಜೋಡಿ. ಒಂದೊಂದು ಜೋಡಿಯನ್ನೂ ಹುರಿ ಮಾಡಿರುತ್ತಾರೆ. ಹುರಿ ಅಂದರೆ ಗೋಕಾಕದವರಿಗೆ ಬಿಡಿಸಿ ಹೇಳಬೇಕಿಲ್ಲ. 1885ರಲ್ಲಿ ಶುರುವಾದ ಗೋಕಾಕ ಫಾಲ್ಸ್ ಗಿರಣಿಯಲ್ಲಿ ತಲೆಮಾರುಗಳೇ ನೂಲು ತೆಗೆದಿವೆ. ಎರಡು ಎಳೆ ಸೇರಿಸಿ ತಿರುವಿದರೆ ನೂಲು ಗಟ್ಟಿ. ಇಲ್ಲಿ ತಿರುವುದು ಗಟ್ಟಿತನಕ್ಕಲ್ಲ, ಗದ್ದಲ ತಡೆಯುವುದಕ್ಕೆ.

ಹೇಗೆ ಅಂದ್ರೆ, ಜೋಡಿಯ ಒಂದು ತಂತಿಯಲ್ಲಿ ಸಂಕೇತ ಮೇಲೇರಿದಾಗ ಇನ್ನೊಂದರಲ್ಲಿ ಅಷ್ಟೇ ಕೆಳಗಿಳಿಯುತ್ತದೆ. ಆ ತುದಿಯಲ್ಲಿರುವ ಯಂತ್ರ ಎರಡರ ನಡುವಿನ ವ್ಯತ್ಯಾಸ ಮಾತ್ರ ಓದುತ್ತದೆ. ಪಕ್ಕದಲ್ಲಿ ಮೋಟರಿನ ವೈರೋ ಇನ್ನೊಂದು ಜೋಡಿಯೋ ಗದ್ದಲ ಮಾಡಿದರೆ, ಹುರಿ ಇರುವುದರಿಂದ ಎರಡೂ ತಂತಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಾಗುತ್ತದೆ. ವ್ಯತ್ಯಾಸ ತೆಗೆದಾಗ ಆ ಗದ್ದಲ ವಜಾ ಆಗಿಹೋಗುತ್ತದೆ. ಇದು ಹೊಸ ಯುಕ್ತಿಯೇನಲ್ಲ. ಟೆಲಿಫೋನಿನ ಗ್ರಹಾಂ ಬೆಲ್ 1881ರಲ್ಲೇ ತಿರುವಿದ ಜೋಡಿ ತಂತಿಗೆ ಪೇಟೆಂಟ್ ಪಡೆದಿದ್ದ. ನಾಲ್ಕು ಜೋಡಿಗಳ ಹುರಿಯೂ ಒಂದೇ ತೆರನಾಗಿ ಇರುವುದಿಲ್ಲ, ಒಂದು ಬಿಗಿ, ಇನ್ನೊಂದು ಸಡಿಲ. ಒಂದು ಜೋಡಿ ಇನ್ನೊಂದರ ಮಾತಿಗೆ ಕಿವಿಗೊಡಬಾರದು ಅಂತ.

ಈಗ ಕ್ಲಿಪ್ಪಿನ ಕಡೆ ನೋಡಿ. ಅದರಲ್ಲಿ ಎಂಟು ಮನೆ. ಯಂತ್ರ 1-2ನ್ನು ಒಂದು ಜೋಡಿ ಅಂದುಕೊಳ್ಳುತ್ತದೆ. 4-5 ಒಂದು ಜೋಡಿ, 7-8 ಒಂದು ಜೋಡಿ. ಉಳಿದ ಜೋಡಿ ಯಾವುದು? 3 ಮತ್ತು 6. ಪಕ್ಕಪಕ್ಕದಲ್ಲಿಲ್ಲ! ನಡುವೆ 4-5 ಕೂತಿದೆ. ಯಾಕೆ ಹೀಗೆ ಅಂದರೆ ಹಳೇ ಟೆಲಿಫೋನಿನ ಲೆಕ್ಕ. ಟೆಲಿಫೋನ್ ಲೈನು ನಟ್ಟನಡುವಿನ ಎರಡು ಮನೆಯಲ್ಲಿ ಇರುತ್ತಿತ್ತು. ಕಂಪ್ಯೂಟರಿನ ಕೇಬಲ್ ಬಂದಾಗ ಆ ನಡುಮನೆಯನ್ನು ಹಾಗೇ ಬಿಟ್ಟು, ಇನ್ನೊಂದು ಜೋಡಿಯನ್ನು ಅದರ ಆಚೀಚೆ ಕೂರಿಸಿದರು. ಟೆಲಿಫೋನ್ ಹೋಯ್ತು, ಆ ಸೊಟ್ಟ ಲೆಕ್ಕ ಉಳೀತು.

ಆದ್ದರಿಂದ ಸರಿಯಾದ ಸಾಲು ಹೀಗೆ. ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದಕ್ಕೆ ಟಿ568ಬಿ ಅಂತ ಹೆಸರು. ಹಸಿರು ಜೋಡಿ ಕಾಲು ಅಗಲಿಸಿ ನಿಂತಿದೆ, ಅದರ ನಡುವೆ ನೀಲಿ ಜೋಡಿ ಕೂತಿದೆ ಅಂತ ನೆನಪಿಟ್ಟುಕೊಂಡರೆ ಮರೆಯುವುದಿಲ್ಲ. ಇದರಲ್ಲಿ ಕೇಸರಿ ಮತ್ತು ಹಸಿರು ಜೋಡಿ ಅದಲುಬದಲಾದರೆ ಟಿ568ಎ. ಯಾವುದಾದರೂ ನಡೆಯುತ್ತದೆ, ಎರಡೂ ತುದಿಗೆ ಒಂದೇ ಇರಲಿ. ಅಂಗಡಿಯ ರೆಡಿ ಕೇಬಲ್‌ಗಳಲ್ಲಿ ಸಾಮಾನ್ಯವಾಗಿ ಬಿ ಇರುವುದರಿಂದ ನಾನು ಬಿ ಹಿಡಿಯಿರಿ ಅಂತೀನಿ.

ಸೆಂಟರಿನ ಕೇಬಲ್‌ನಲ್ಲಿ ಏನಾಗಿತ್ತು ಗೊತ್ತಾಯ್ತಲ್ಲ? ಮೂರನೇ ಮನೆಯಲ್ಲಿ ಹಸಿರು ಜೋಡಿಯ ತಂತಿ, ಆರನೇ ಮನೆಯಲ್ಲಿ ನೀಲಿ ಜೋಡಿಯ ತಂತಿ. ಯಂತ್ರ ಜೋಡಿ ಅಂದುಕೊಂಡದ್ದು ಒಳಗೆ ಜೋಡಿಯೇ ಅಲ್ಲ. ಗಂಡು ಒಂದು ಮನೆಯದು, ಹೆಣ್ಣು ಇನ್ನೊಂದು ಮದುವೆಯದು, ಮಂಟಪದಲ್ಲಿ ಪಕ್ಕಪಕ್ಕ ಕೂರಿಸಿದ ಹಾಗೆ! ಹುರಿಯ ರಕ್ಷಣೆ ಇಲ್ಲ, ಅಕ್ಕಪಕ್ಕದ ಗದ್ದಲವೆಲ್ಲ ಒಳಗೆ ಬರುತ್ತದೆ. ಕೇಬಲ್ ಒಂದೆರಡು ಮೀಟರ್ ಆಗಿದ್ದರೆ ಹೇಗೋ ನಡೆದುಬಿಡುತ್ತದೆ. ಅದಕ್ಕೇ ಈ ಪದ್ಧತಿ ಇಷ್ಟು ಹರಡಿರುವುದು, "ನಾವು ಹಿಂಗ ಮಾಡ್ತೀವ್ರಿ, ನಡಿತೈತಿ" ಅನ್ನುತ್ತಾರೆ. 40 ಮೀಟರಿಗೆ ನಡೆಯುವುದಿಲ್ಲ. ಕಳಿಸಿದ ಮಾಹಿತಿ ಕೆಡುತ್ತದೆ, ಮತ್ತೆ ಕಳಿಸಬೇಕು, ಮತ್ತೆ ಕೆಡುತ್ತದೆ. ಯೂಟ್ಯೂಬ್ ಇದನ್ನು ಸಹಿಸಿಕೊಳ್ಳುತ್ತದೆ. ಬೆರಳಚ್ಚು ಕೊಟ್ಟು ಇಂತಿಷ್ಟು ಸೆಕೆಂಡಿನಲ್ಲಿ ಉತ್ತರ ಬರಬೇಕಾದ ಪುಟ ಸಹಿಸುವುದಿಲ್ಲ, ಸಮಯ ಮೀರಿತು ಅಂತ ಮುಚ್ಚಿಕೊಳ್ಳುತ್ತದೆ.

ಟೆಸ್ಟರ್ ಇದನ್ನು ಹಿಡಿಯಲಿಲ್ಲವಲ್ಲ ಅಂತ ಕೇಳಬಹುದು. ಅಗ್ಗದ ಟೆಸ್ಟರ್ ಕೇಳುವುದು ಒಂದೇ ಪ್ರಶ್ನೆ, ಈ ತುದಿಯ ಒಂದನೇ ತಂತಿ ಆ ತುದಿಯ ಒಂದಕ್ಕೆ ಮುಟ್ಟಿದೆಯಾ? ಮುಟ್ಟಿದೆ. ಎರಡು? ಮುಟ್ಟಿದೆ. ಯಾರು ಯಾರ ಜೊತೆ ಹುರಿಯಾಗಿದ್ದಾರೆ ಅನ್ನುವುದು ಅದಕ್ಕೆ ಕಾಣುವುದಿಲ್ಲ. ಅದನ್ನು ಅಳೆಯುವ ಯಂತ್ರಗಳು ಇವೆ, ದೊಡ್ಡ ಕಂಪನಿಗಳ ಕೇಬಲ್ ಕೆಲಸದವರ ಹತ್ತಿರ ಇರುತ್ತವೆ, ನಮ್ಮ ನಿಮ್ಮ ಬಜೆಟ್ಟಿನದಲ್ಲ. ಎಂಟು ದೀಪ ಹೊತ್ತಬೇಕು, ಸರಿ. ಆದರೆ ದೀಪ ನೋಡುವ ಮೊದಲು ಬಣ್ಣ ನೋಡಬೇಕು.

ಅವತ್ತು ಎರಡೂ ತುದಿಯ ಕ್ಲಿಪ್ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿದೆವು. ಆ ಹುಡುಗನ ಕೈಯಲ್ಲೇ ಮಾಡಿಸಿದೆ. ಹತ್ತು ನಿಮಿಷದ ಕೆಲಸ, ಖರ್ಚು ಎರಡು ಕ್ಲಿಪ್ಪಿನದು. ಪುಟ ತೆರೆಯಿತು, ಅಜ್ಜಿಯ ಬೆರಳಚ್ಚು ಮೂರನೇ ಸಲಕ್ಕೆ ಹತ್ತಿತು. ಮೊದಲೆರಡು ಸಲ ಹತ್ತದಿದ್ದುದಕ್ಕೆ ಕೇಬಲ್ ಕಾರಣವಲ್ಲ, ಕಬ್ಬು ಕಡಿದು ಸವೆದ ಬೆರಳು ಕಾರಣ. ಅದು ಬೇರೆಯೇ ಸಂಚಿಕೆಯಾಗಬೇಕಾದ ವಿಷಯ.

ಸರಿ, ಕೆಲಸದ ಕ್ರಮಕ್ಕೆ ಬರೋಣ. ಬೇಕಾದದ್ದು ಕ್ರಿಂಪಿಂಗ್ ಟೂಲ್, ಆರ್‌ಜೆ45 ಕ್ಲಿಪ್, ಕೇಬಲ್, ಟೆಸ್ಟರ್. ಕ್ಲಿಪ್ ನಾಲ್ಕೈದು ಜಾಸ್ತಿ ತಗೊಳ್ಳಿ, ಮೊದಲ ಎರಡು ಹಾಳಾಗಲೆಂದೇ ಇರುತ್ತವೆ. ಹೊರಸಿಪ್ಪೆ ಒಂದಿಂಚು ಸುಲಿಯಿರಿ, ಒಳಗಿನ ತಂತಿಗೆ ಬ್ಲೇಡು ತಾಗಬಾರದು. ಹುರಿ ಬಿಚ್ಚಿ, ಸಾಲಿಗೆ ಜೋಡಿಸಿ, ಬೆರಳಲ್ಲಿ ಒತ್ತಿ ನೇರ ಮಾಡಿ, ತುದಿ ಸಮವಾಗಿ ಕತ್ತರಿಸಿ. ಬಿಚ್ಚಿದ ಭಾಗ ಕೊನೆಗೆ 13 ಮಿಲಿಮೀಟರ್, ಅಂದ್ರೆ ಅರ್ಧ ಇಂಚು ಮೀರಬಾರದು. ಕ್ಲಿಪ್ಪಿನ ಕಡ್ಡಿ ನೆಲದ ಕಡೆ, ಚಿನ್ನದ ಬಣ್ಣದ ಹಲ್ಲು ನಿಮ್ಮ ಕಣ್ಣಿಗೆ ಕಾಣುವಂತೆ, ಬಾಯಿ ನಿಮ್ಮ ಕಡೆ ಬರುವಂತೆ ಹಿಡಿದರೆ ಎಡಗಡೆಯದು ಒಂದನೇ ಮನೆ. ತಂತಿಗಳು ತುದಿಯವರೆಗೆ ಹೋಗಿ ಮುಟ್ಟಿದ್ದು ಕಾಣಬೇಕು. ಹೊರಸಿಪ್ಪೆಯೂ ಕ್ಲಿಪ್ಪಿನ ಒಳಗೆ ಸ್ವಲ್ಪ ಹೋಗಿರಬೇಕು, ಅದನ್ನು ಕಚ್ಚಿ ಹಿಡಿಯುವುದಕ್ಕೇ ಹಿಂದೆ ಒಂದು ಪ್ಲಾಸ್ಟಿಕ್ ಗೂಟ ಇದೆ. ಸಿಪ್ಪೆ ಹೊರಗೇ ಉಳಿದರೆ ನಾಲ್ಕು ಸಲ ಎಳೆದಾಡಿದ ಮೇಲೆ ಒಳಗಿನ ತಂತಿಯೇ ಕಿತ್ತು ಬರುತ್ತದೆ. ಆಮೇಲೆ ಟೂಲಿನಲ್ಲಿಟ್ಟು ಒಂದೇ ಸಲ ಗಟ್ಟಿಯಾಗಿ ಒತ್ತಿ.

ಕ್ಯಾಟ್ 6 ಕೇಬಲ್ ಕೊಂಡರೆ ಕ್ಲಿಪ್ಪೂ ಕ್ಯಾಟ್ 6ರದ್ದೇ ಕೇಳಿ. ಅದರ ತಂತಿ ಸ್ವಲ್ಪ ದಪ್ಪ, ಕ್ಯಾಟ್ 5ಇ ಕ್ಲಿಪ್ಪಿನ ಮನೆಯಲ್ಲಿ ಸರಿಯಾಗಿ ಕೂರದೆ ತಲೆ ಕೆಡಿಸುತ್ತದೆ. ಮನೆಗೆ ಕ್ಯಾಟ್ 5ಇ ಧಾರಾಳವಾಗಿ ಸಾಕು, 100 ಮೀಟರಿನವರೆಗೆ ಒಂದು ಗಿಗಾಬಿಟ್ ಹೊರುತ್ತದೆ. ಕ್ಯಾಟ್ 7, ಕ್ಯಾಟ್ 8 ಅಂತ ಮುದ್ರೆ ಒತ್ತಿದ ದುಬಾರಿ ಕೇಬಲ್ ಮನೆಗೆ ಬೇಡ.

ಮುಗಿದ ಮೇಲೆ ಇನ್ನೊಂದು ಪರೀಕ್ಷೆ ಇದೆ, ದುಡ್ಡಿಲ್ಲದ್ದು. ವಿಂಡೋಸ್ ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ಎತರ್ನೆಟ್ ಅಂತ ಇರುವಲ್ಲಿ ಲಿಂಕ್ ಸ್ಪೀಡ್ ನೋಡಿ. 1000 ಅಂತ ಇದ್ದರೆ ನಾಲ್ಕೂ ಜೋಡಿ ಕೆಲಸ ಮಾಡುತ್ತಿವೆ. 100 ಅಂತ ಇದ್ದರೆ, 200ರ ಪ್ಲ್ಯಾನ್ ಇದ್ದರೂ ಸ್ಪೀಡ್ ಟೆಸ್ಟಿನಲ್ಲಿ 94-95ರ ಹತ್ತಿರ ಬಂದು ನಿಲ್ಲುತ್ತದೆ. 94 ಅನ್ನುವ ಅಂಕಿ ಕಂಡರೆ ಕಂಪನಿಗೆ ಫೋನ್ ಮಾಡುವ ಮೊದಲು ಕೇಬಲ್ ನೋಡಿ. 100ರ ವೇಗಕ್ಕೆ ಎರಡು ಜೋಡಿ ಸಾಕು. 1999ರಲ್ಲಿ ಬಂದ ಗಿಗಾಬಿಟ್ ಪದ್ಧತಿಗೆ ನಾಲ್ಕೂ ಬೇಕು. ನೀಲಿಯೋ ಕಂದೋ ಒಂದು ತಂತಿ ಕಡಿದಿದ್ದರೆ ಯಂತ್ರಗಳು ಸದ್ದಿಲ್ಲದೆ ನೂರಕ್ಕೆ ಇಳಿದುಬಿಡುತ್ತವೆ, ನಮಗೆ ಹೇಳುವುದೂ ಇಲ್ಲ. ಒಮ್ಮೊಮ್ಮೆ ರೌಟರಿನ ಪೋರ್ಟೇ ನೂರರದ್ದಿರುತ್ತದೆ, ಡಬ್ಬಿ ಮೇಲೆ ಓದಿಕೊಳ್ಳಿ.

ಇನ್ನು ಕೇಬಲ್ ಕೊಳ್ಳುವ ವಿಷಯ. ಇಲ್ಲಿ ಮೋಸ ಇದೆ. ಸಿಸಿಎ ಅಂತ ಒಂದು ಬಗೆ, ಅಲ್ಯೂಮಿನಿಯಂ ತಂತಿಗೆ ಮೇಲೆ ತಾಮ್ರದ ಲೇಪ. ಹೊರಗಿಂದ ತಾಮ್ರದ್ದೇ ಬಣ್ಣ. ಬೆಲೆ ಕಡಿಮೆ, ಕೆಲವು ಅಂಗಡಿಯಲ್ಲಿ ಹೇಳದೆಯೇ ಕೊಡುತ್ತಾರೆ. ಒಂದು ತಂತಿ ತೆಗೆದು ಬ್ಲೇಡಿನಿಂದ ಕೆರೆಯಿರಿ. ತಾಮ್ರ ಎಷ್ಟು ಕೆರೆದರೂ ಕೆಂಪೇ. ಒಳಗೆ ಬೆಳ್ಳಿ ಬಣ್ಣ ಇಣುಕಿದರೆ ಸಿಸಿಎ. ಹಿಂದೆ ಮುಂದೆ ಬಗ್ಗಿಸಿದರೆ ಬೇಗ ಮುರಿಯುತ್ತದೆ. ಪೂರ್ತಿ ಬಂಡಲ್ ಎತ್ತಿ ನೋಡಿದರೂ ಹಗುರ ಅನಿಸುತ್ತದೆ. ಅಷ್ಟೇ ದಪ್ಪದ ತಾಮ್ರಕ್ಕಿಂತ ಅದರ ವಿದ್ಯುತ್ ಪ್ರತಿರೋಧ ಸುಮಾರು ಒಂದೂವರೆ ಪಟ್ಟು.

ಅದರಿಂದೇನು ಅನ್ನುವುದಕ್ಕೆ ಮೂಡಲಗಿ ಕಡೆಯ ಒಂದು ತೋಟದ ಮನೆ ನೋಡಿ. ದನದ ಕೊಟ್ಟಿಗೆಗೆ ಕ್ಯಾಮೆರಾ ಹಾಕಿಸಿದ್ದರು. ಯಜಮಾನರು ಹೇಳಿದ್ದು, "ಹಗಲೆಲ್ಲ ಛಲೋ ಕಾಣತೈತ್ರಿ. ರಾತ್ರಿ ಕತ್ತಲಾತು ಅಂದ್ರ ಬಂದ್ ಆಗತೈತಿ, ಹತ್ತತೈತಿ, ಮತ್ತ ಬಂದ್. ಕಳ್ಳ ಬರೂದ ರಾತ್ರಿ ಅಲ್ರಿ?" ಕ್ಯಾಮೆರಾ ಎರಡು ಸಲ ಬದಲಿಸಿದ್ದರು. ನಿಜವಾದ ಕಾರಣ ಲೆಕ್ಕದಲ್ಲಿದೆ. ಆ ಕ್ಯಾಮೆರಾಗೆ ಬೇಕಾದ 12 ವೋಲ್ಟ್ ಕರೆಂಟೂ ಅದೇ ಲ್ಯಾನ್ ಕೇಬಲ್ಲಿನ ಉಳಿದ ನಾಲ್ಕು ತಂತಿಯಲ್ಲಿ ಹೋಗುತ್ತಿತ್ತು, ದೂರ ಸುಮಾರು 50 ಮೀಟರ್. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ದೀಪ ಹೊತ್ತಿದಾಗ ಅರ್ಧ ಆಂಪಿಯರ್ ಎಳೆಯುತ್ತದೆ ಅಂದುಕೊಳ್ಳಿ. ಶುದ್ಧ ತಾಮ್ರವಾದರೆ ದಾರಿಯಲ್ಲಿ 2 ವೋಲ್ಟ್ ಸುಮಾರು ಸೋರುತ್ತದೆ. ಸಿಸಿಎ ಆದರೆ 3 ವೋಲ್ಟ್‌ಗೂ ಹೆಚ್ಚು. 12ರಲ್ಲಿ 9ಕ್ಕಿಂತ ಕಡಿಮೆ ಉಳಿದರೆ ಕ್ಯಾಮೆರಾ ಸತ್ತು ಹುಟ್ಟಿ ಸತ್ತು ಹುಟ್ಟುತ್ತದೆ. ಹಗಲು ದೀಪ ಬೇಡ, ಆದ್ದರಿಂದ ಹಗಲು ಸರಿ. ಪರಿಹಾರ ಏನು ಅಂದ್ರೆ ಶುದ್ಧ ತಾಮ್ರದ ಕೇಬಲ್, ಜೊತೆಗೆ 48 ವೋಲ್ಟಿನ ಸರಿಯಾದ ಪಿಒಇ ಸ್ವಿಚ್ಚು ಮತ್ತು ಅದಕ್ಕೆ ಒಗ್ಗುವ ಕ್ಯಾಮೆರಾ. ವೋಲ್ಟೇಜ್ ಹೆಚ್ಚಿದ್ದಷ್ಟೂ ಅದೇ ಕೆಲಸಕ್ಕೆ ಕರೆಂಟು ಕಡಿಮೆ ಸಾಕು, ಸೋರಿಕೆಯೂ ಕಡಿಮೆ.

ತೋಟದ ಮನೆಯ ಮಾತು ಬಂತಲ್ಲ, ಅಲ್ಲಿ ಇನ್ನೊಂದು ಅಪಾಯ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ನಮ್ಮ ಕಡೆ ಹೇಗೆ ಬರುತ್ತದೆ ನಿಮಗೆ ಗೊತ್ತು. ಎರಡು ಬೇರೆ ಕಟ್ಟಡಗಳ ನಡುವೆ ತಾಮ್ರದ ಲ್ಯಾನ್ ಕೇಬಲ್ ಗಾಳಿಯಲ್ಲಿ ಎಳೆದರೆ, ಹತ್ತಿರದಲ್ಲಿ ಎಲ್ಲೋ ಸಿಡಿಲು ಬಿದ್ದರೂ ಸಾಕು, ಎರಡೂ ತುದಿಯ ಯಂತ್ರ ಸುಡಬಹುದು. ನೇರವಾಗಿ ಬೀಳಬೇಕೆಂದೇನೂ ಇಲ್ಲ. ಅಂಥ ಕಡೆ ಫೈಬರ್ ಹಾಕಿಸಿ, ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಫೈಬರ್ ಮಾತ್ರ ಮನೆಯಲ್ಲಿ ಕೂತು ಮಾಡುವ ಕೆಲಸವಲ್ಲ, ನಿಮ್ಮ ಊರಿನ ಕೇಬಲ್ ಆಪರೇಟರ್ ಹತ್ತಿರ ಜೋಡಿಸುವ ಯಂತ್ರ ಇರುತ್ತದೆ, ಅವರನ್ನೇ ಕರೆಸಿ.

ಕರೆಂಟಿನ ವೈರಿನ ಪೈಪಿನಲ್ಲೇ ಲ್ಯಾನ್ ಕೇಬಲ್ ತೂರಿಸುವ ಅಭ್ಯಾಸ ಎಲ್ಲ ಕಡೆ ಇದೆ. ಬೇಡ. ಗದ್ದಲದ ಮಾತು ಆಮೇಲೆ, ಇದು ಜೀವದ ಮಾತು. ಒಳಗೆ ಎಲ್ಲೋ 230 ವೋಲ್ಟಿನ ವೈರಿನ ಸಿಪ್ಪೆ ಸುಲಿದು ತಾಗಿದರೆ ಅದು ನಿಮ್ಮ ಲ್ಯಾಪ್‌ಟಾಪಿನವರೆಗೂ ಬರುತ್ತದೆ. ಬೇರೆ ಪೈಪ್ ಹಾಕಿ, ಒಂದಡಿ ಅಂತರ ಬಿಡಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ. ಇದು ಹುಕ್ಕೇರಿ ಕಡೆಯವರಿಗೂ ಅಷ್ಟೇ ಅನ್ವಯ. ಅಲ್ಲಿ ಕರೆಂಟ್ ಕೊಡುವುದು ಹೆಸ್ಕಾಂ ಅಲ್ಲ, 1969ರಿಂದ ಇರುವ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಯಾರು ಕೊಟ್ಟರೂ ಕರೆಂಟ್ ಕರೆಂಟೇ.

ಕೊನೆಯದಾಗಿ ಗೋಕಾಕದ ಒಬ್ಬ ಅಕ್ಕಾರ ಕೇಳಿದ ಪ್ರಶ್ನೆ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಊರೊಳಗೆ ನುಗ್ಗಿದಾಗ ಅವರ ಮನೆಯ ಕೆಳಗಿನ ಅಂತಸ್ತೂ ನೀರಲ್ಲಿತ್ತು. ಗೋಡೆಯೊಳಗಿನ ಹಳೇ ಲ್ಯಾನ್ ಕೇಬಲ್ ಹಾಗೇ ಇದೆ, ಹೊಸ ಕ್ಲಿಪ್ ಹಾಕಿ ಬಳಸಬಹುದಾ ಅಂತ. ಬೇಡ ಅಕ್ಕಾರ. ಕತ್ತರಿಸಿದ ತುದಿಯಿಂದ ನೀರು ಸಿಪ್ಪೆಯೊಳಗೆ ನುಗ್ಗಿದರೆ ಎಷ್ಟೋ ಮೀಟರ್ ಒಳಗೆ ಹೋಗಿ ಕೂತಿರುತ್ತದೆ. ಹೊರಗೆ ಒಣಗಿದ್ದರೂ ಒಳಗಿನ ತಂತಿ ಕಿಲುಬು ಹಿಡಿದಿರಬಹುದು. ಹೊಸ ಕ್ಲಿಪ್ ಹಾಕಿದರೆ ಟೆಸ್ಟರಿನಲ್ಲಿ ಎಂಟೂ ದೀಪ ಹೊತ್ತಬಹುದು, ಅದನ್ನು ನಂಬಬೇಡಿ. ಆದರೆ ಆ ಹಳೇ ಕೇಬಲನ್ನು ಕಿತ್ತು ಎಸೆಯುವ ಮೊದಲು ಅದರ ತುದಿಗೆ ಹೊಸ ಕೇಬಲ್ ಗಟ್ಟಿಯಾಗಿ ಕಟ್ಟಿ, ಟೇಪ್ ಸುತ್ತಿ, ಆ ಕಡೆಯಿಂದ ನಿಧಾನವಾಗಿ ಎಳೆಯಿರಿ. ಹಳೆಯದು ಹೊರಗೆ ಬರುವಾಗ ಹೊಸದನ್ನು ಒಳಗೆ ಕರೆದುಕೊಂಡು ಬರುತ್ತದೆ, ಗೋಡೆ ಒಡೆಯುವ ಕೆಲಸ ಉಳಿಯುತ್ತದೆ. ಹೊಸ ಪಾಯಿಂಟನ್ನು ನೆಲದ ಹತ್ತಿರ ಇಡಬೇಡಿ, ಹೋದ ಸಲ ನೀರು ನಿಂತ ಗುರುತು ಗೋಡೆ ಮೇಲೆ ಇನ್ನೂ ಇದ್ದರೆ ಅದಕ್ಕಿಂತ ಒಂದು ಗೇಣು ಮೇಲಿರಲಿ.